ನೀಲಿ ಕೋಣೆಯ ಬಾಕಿ ಲೆಕ್ಕ

ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಸದ್ಯಕ್ಕೆ ನಿಮ್ಮ ಮನಸ್ಸಿನಲ್ಲೇ ಇರಲಿ. ಮನೆಯ ಕೆಲಸವನ್ನ ಒಬ್ಬರಿಗೆ ಒಪ್ಪಿಸಿ ನೀವು ಊರಿಗೆ ಹೋಗಿದ್ದೀರಿ. ವಾಪಸ್ ಬಂದು ನೋಡಿದರೆ ಅವರು ನೀವು ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದಾರೆ. ಕೆಲಸ ಚೆನ್ನಾಗೇ ಇದೆ. ಆದರೆ ನೀವು ಅಷ್ಟು ಹೇಳಿರಲಿಲ್ಲ. ಈಗ ಹೆಚ್ಚಿನ ದುಡ್ಡು ಕೊಡಬೇಕಾ, ಬೇಡವಾ?

ಕಳೆದ ತಿಂಗಳು ನನ್ನ ಮನೆಯಲ್ಲಿ ಎದ್ದ ಪ್ರಶ್ನೆ ಇದು. ಮಗಳು ಈ ವರ್ಷ ಪಿಯುಸಿ. ತನ್ನ ಕೋಣೆಗೆ ಕಡು ನೀಲಿ ಬಣ್ಣವೇ ಬೇಕು ಅಂತ ಹಟ ಹಿಡಿದಳು. ಶೇಡ್ ಕಾರ್ಡ್ ಬಿಡಿಸಿ, ಕೊನೆಯ ಸಾಲಿನ ಕೊನೆಯ ಚೌಕದ ಮೇಲೆ ಬೆರಳಿಟ್ಟಳು. ಅಮಾವಾಸ್ಯೆ ರಾತ್ರಿಯ ಆಕಾಶದಂಥ ನೀಲಿ. ನನ್ನ ತಾಯಿ ಕನ್ನಡಕ ಏರಿಸಿ ನೋಡಿದವರೇ, "ಮಗು ಕೋಣೆಗೆ ಕಪ್ಪು ಬಳಿಸ್ತೀಯೇನೋ?" ಅಂದರು. "ಅಜ್ಜಿ, ಅದು ಕಪ್ಪಲ್ಲ, ನೀಲಿ" ಅಂತ ಮಗಳು. ಸಂಜೆ ಚರ್ಚೆಗೆ ನಾಲ್ಕು ಪಕ್ಷದವರನ್ನ ಕೂರಿಸಿ ಸಂಭಾಳಿಸೋ ನನಗೆ, ಮನೆಯ ಈ ಚರ್ಚೆ ನಿಭಾಯಿಸೋಕೆ ಆಗಲಿಲ್ಲ. ಮಗಳು ಗೆದ್ದಳು.

ಬಣ್ಣದ ಮೇಸ್ತ್ರಿ ಬಂದರು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಬಣ್ಣ ಹೊಡೆದವರು. ಗೋಡೆ ಮೇಲೆ ಅಂಗೈ ಆಡಿಸಿ ಹೇಳಿದರು: "ಸಾರ್, ತಿಳಿ ಬಣ್ಣ ಗೋಡೆಯ ತಪ್ಪನ್ನ ಮುಚ್ಚುತ್ತೆ. ಡಾರ್ಕ್ ಬಣ್ಣ ತೋರಿಸಿಬಿಡುತ್ತೆ. ಪುಟ್ಟಿ ಎಳೆದು, ಚೆನ್ನಾಗಿ ಉಜ್ಜಿ, ಪ್ರೈಮರ್ ಹೊಡೆದು ಆಮೇಲೆ ಎರಡು ಕೋಟ್." ರೇಟು ಮಾತಾಯಿತು. ನಾನು ಮೂರು ದಿನ ದೆಹಲಿಗೆ ಹೋದೆ.

ವಾಪಸ್ ಬಂದಾಗ ಕೋಣೆ ಸಿದ್ಧ. ಲೆಕ್ಕದ ಚೀಟಿಯೂ ಸಿದ್ಧ. ಅದರಲ್ಲಿ 3,200 ರೂಪಾಯಿ ಹೆಚ್ಚಿಗೆ ಇತ್ತು. ಮೂರನೇ ಕೋಟ್!

"ಮೂರನೇದು ನಾನು ಹೇಳಿರಲಿಲ್ಲವಲ್ಲ ಮೇಸ್ತ್ರಿ?"

"ಎರಡಕ್ಕೆ ನೀಲಿ ಕೂರಲಿಲ್ಲ ಸಾರ್. ಕಿಟಕಿ ಬೆಳಕಿಗೆ ರೋಲರ್ ಗೆರೆ ಕಾಣ್ತಿತ್ತು. ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ."

"ನಾಳೆ ನೋಡೋಣ ಬಿಡಿ" ಅಂದೆ. ನಮ್ಮಲ್ಲಿ 'ನಾಳೆ ನೋಡೋಣ' ಅಂದರೆ ಏನರ್ಥ ಅಂತ ನಿಮಗೂ ಗೊತ್ತು, ಮೇಸ್ತ್ರಿಗೂ ಗೊತ್ತು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಆಗ ನೆನಪಾಗಿದ್ದು ಇನ್ನೊಂದು ನೀಲಿ ಕೋಣೆ. ಯಜಮಾನ ಊರಲ್ಲಿಲ್ಲದಾಗ ಬಣ್ಣ ಹೊಡೆದ ಕೋಣೆ. ಹೇಳಿರದ ಕೆಲಸ, ಕೊಡದ ದುಡ್ಡು, ಮುರಿದುಬಿದ್ದ ಸ್ನೇಹ... ಎಲ್ಲವೂ ಇರುವ ಕೋಣೆ. ಸುಮಾರು 150 ವರ್ಷದ ಹಿಂದಿನ ಲಂಡನ್ನಿನ ಕಥೆ. ಕೇಳಿ.

1876ನೇ ಇಸವಿ. ಫ್ರೆಡರಿಕ್ ಲೇಲ್ಯಾಂಡ್ ಅಂತ ಒಬ್ಬ ದೊಡ್ಡ ಶ್ರೀಮಂತ. ಲಿವರ್‌ಪೂಲ್‌ನಲ್ಲಿ ಹಡಗು ವ್ಯಾಪಾರ. ದುಡ್ಡು ಕೈತುಂಬ ಇತ್ತು, ಕಲೆಯ ಹುಚ್ಚು ಅದಕ್ಕಿಂತ ಜಾಸ್ತಿ ಇತ್ತು. ಲಂಡನ್ನಿನಲ್ಲಿ ಹೈಡ್ ಪಾರ್ಕ್ ಹತ್ತಿರ, ಪ್ರಿನ್ಸಸ್ ಗೇಟ್ ಅನ್ನೋ ಬೀದಿಯಲ್ಲಿ 49ನೇ ನಂಬರಿನ ಮನೆ ತಗೊಂಡ. ಆತನ ಹತ್ತಿರ ಚೀನಾದ ನೀಲಿ-ಬಿಳಿ ಪಿಂಗಾಣಿ ಪಾತ್ರೆಗಳ ದೊಡ್ಡ ಸಂಗ್ರಹ ಇತ್ತು. ಊಟದ ಕೋಣೆಯಲ್ಲಿ ಅವನ್ನೆಲ್ಲ ಜೋಡಿಸಿಡಬೇಕು ಅನ್ನೋದು ಆಸೆ.

ಆ ಕೋಣೆಯ ವಿನ್ಯಾಸವನ್ನ ಥಾಮಸ್ ಜೆಕಿಲ್ ಅನ್ನೋ ವಾಸ್ತುಶಿಲ್ಪಿಗೆ ಒಪ್ಪಿಸಿದ. ಜೆಕಿಲ್ ಗೋಡೆಗೆಲ್ಲ ಹೂವಿನ ಚಿತ್ತಾರದ, ಚಿನ್ನದ ಹೊಳಪಿನ ಹಳೇ ಕಾಲದ ದುಬಾರಿ ತೊಗಲನ್ನ ಹೊದಿಸಿದ. ಅದರ ಮುಂದೆ ಅಕ್ರೋಟು ಮರದ ಸಣ್ಣ ಸಣ್ಣ ಕಂಬಗಳ ಗೂಡುಗಳನ್ನ ಕಟ್ಟಿದ. ಒಂದೊಂದು ಗೂಡಿಗೂ ಒಂದೊಂದು ಪಾತ್ರೆ. ದಸರಾ ಗೊಂಬೆ ಕೂರಿಸೋಕೆ ಇಡೀ ಕೋಣೆಯನ್ನೇ ಮೆಟ್ಟಿಲು ಮಾಡಿದ ಹಾಗೆ ಅಂದುಕೊಳ್ಳಿ. ಛಾವಣಿಯಿಂದ ಇಳಿಬಿದ್ದ ದೀಪಗಳು. ಕೆಲಸ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಜೆಕಿಲ್ ಕಾಯಿಲೆ ಬಿದ್ದ. ಮನಸ್ಸಿನ ಕಾಯಿಲೆ. ಕೆಲಸ ಅರ್ಧಕ್ಕೆ ಬಿಟ್ಟ.

ಈಗ ಬರ್ತಾನೆ ನಮ್ಮ ಕಥಾನಾಯಕ. ಅಥವಾ ಖಳನಾಯಕ, ಕೊನೆಗೆ ನೀವೇ ಹೇಳಿ. ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಚಿತ್ರಕಾರ. ತಲೆಗೂದಲಿನ ಮಧ್ಯೆ ಒಂದು ಬಿಳಿಯ ಕುಚ್ಚು, ನಾಲಿಗೆ ಕತ್ತಿಯಷ್ಟು ಹರಿತ. ಲೇಲ್ಯಾಂಡ್‌ಗೆ ಈತ ಆಪ್ತ ಸ್ನೇಹಿತ. ವಿಸ್ಲರ್ ಆಗ ಥೇಮ್ಸ್ ನದಿಯ ರಾತ್ರಿಗಳನ್ನ ಕಡು ನೀಲಿಯಲ್ಲಿ ಬಿಡಿಸ್ತಿದ್ದ. ಆ ಚಿತ್ರಗಳಿಗೆ 'ನಾಕ್ಟರ್ನ್' ಅಂತ ಹೆಸರು. ಅಂದರೆ ರಾತ್ರಿಯ ರಾಗ. ಪಿಯಾನೋ ನುಡಿಸುತ್ತಿದ್ದ ಲೇಲ್ಯಾಂಡ್ ಸಂಗೀತದಿಂದ ಎತ್ತಿ ಕೊಟ್ಟ ಹೆಸರು ಅದು! ಸ್ನೇಹ ಅಷ್ಟು ಗಾಢವಾಗಿತ್ತು.

ಊಟದ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ವಿಸ್ಲರ್‌ನದೇ ಒಂದು ದೊಡ್ಡ ಚಿತ್ರ ತೂಗುಹಾಕಿದ್ದರು. ಪಿಂಗಾಣಿ ನಾಡಿನ ರಾಜಕುಮಾರಿ ಅನ್ನೋ ಹೆಸರಿನದು. ಬಾಗಿಲು, ಕಿಟಕಿಗಳಿಗೆ ಯಾವ ಬಣ್ಣ ಚೆನ್ನ ಅಂತ ಲೇಲ್ಯಾಂಡ್ ಸ್ನೇಹಿತನ ಸಲಹೆ ಕೇಳಿದ. ವಿಸ್ಲರ್ ನೋಡಿ, ತೊಗಲಿನ ಮೇಲಿನ ಕೆಂಪು ಹೂವುಗಳು ನನ್ನ ರಾಜಕುಮಾರಿಯನ್ನ ಕೊಲ್ಲುತ್ತಿವೆ, ಸ್ವಲ್ಪ ಹಳದಿ ಹಚ್ಚಿ ತಣ್ಣಗೆ ಮಾಡ್ತೀನಿ ಅಂದ. ಆಗಲಿ ಅಂದ ಲೇಲ್ಯಾಂಡ್. ಅಂಚಿನಲ್ಲಿ ಅಲೆಯಂಥ ಚಿತ್ತಾರ ಬಿಡಿಸ್ತೀನಿ ಅಂದ. ಅದಕ್ಕೂ ಆಗಲಿ ಅಂದ. ಒಪ್ಪಿಗೆ ಇದ್ದದ್ದು ಇಷ್ಟಕ್ಕೆ. ಲೇಲ್ಯಾಂಡ್ ವ್ಯಾಪಾರ ನೋಡಿಕೊಳ್ಳೋಕೆ ಲಿವರ್‌ಪೂಲ್‌ಗೆ ಹೋದ.

ಯಜಮಾನ ಬೆನ್ನು ತಿರುಗಿಸಿದ್ದೇ ತಡ, ವಿಸ್ಲರ್ ಕೈಗೆ ತಡೆಯೇ ಇಲ್ಲದಂತಾಯಿತು. ಛಾವಣಿಗೆಲ್ಲ ಚಿನ್ನದಂತೆ ಹೊಳೆಯೋ ಲೋಹದ ಹಾಳೆ ಅಂಟಿಸಿದ. ಅದರ ಮೇಲೆ ನವಿಲುಗರಿಯ ಚಿತ್ತಾರ. ಜೆಕಿಲ್ ಕಟ್ಟಿದ ಅಕ್ರೋಟು ಮರದ ಗೂಡುಗಳಿಗೆ ಚಿನ್ನದ ಲೇಪ. ಕಿಟಕಿಯ ಬಾಗಿಲುಗಳ ಮೇಲೆ ಉದ್ದ ಬಾಲದ ಚಿನ್ನದ ನವಿಲುಗಳು. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು, ನವಿಲಿನ ಚಿತ್ತಾರದ ಆ ಗಾಜಿನ ಛಾವಣಿಗೆ ಕತ್ತೆತ್ತಿದವರಿಗೆ ನವಿಲಿನ ಬಣ್ಣ ಮನಸ್ಸನ್ನ ಏನು ಮಾಡುತ್ತೆ ಅಂತ ನಾನು ಹೇಳಬೇಕಾಗಿಲ್ಲ. ವಿಸ್ಲರ್‌ಗೂ ಆ ಗುಂಗು ಹತ್ತಿತ್ತು. ಇನ್ನೊಬ್ಬರ ಮನೆ ಅನ್ನೋದೇ ಮರೆತ. ಸ್ನೇಹಿತರನ್ನ ಕರೆಸಿದ, ಪತ್ರಿಕೆಯವರನ್ನ ಕರೆಸಿದ, ಬನ್ನಿ ನೋಡಿ ಅಂತ ತೋರಿಸಿದ. ಮನೆಯ ಯಜಮಾನನಿಗೆ ಮಾತ್ರ ಪೂರ್ತಿ ಗೊತ್ತಿಲ್ಲ!

ಲೇಲ್ಯಾಂಡ್ ವಾಪಸ್ ಬಂದ. ಕೋಣೆ ನೋಡಿದ. ಆಮೇಲೆ ಕೇಳಿದ್ದು ಬಿಲ್: 2000 ಗಿನಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದ್ರೆ ಇಡೀ ಜಗಳದ ಬೇರು ಈ 'ಗಿನಿ' ಅನ್ನೋ ಪದದಲ್ಲಿದೆ. ಆ ಕಾಲದ ಇಂಗ್ಲೆಂಡಿನಲ್ಲಿ ಒಂದು ಪೌಂಡ್ ಅಂದರೆ 20 ಶಿಲಿಂಗ್. ಒಂದು ಗಿನಿ ಅಂದರೆ 21 ಶಿಲಿಂಗ್. ಗಿನಿ ನಾಣ್ಯ ಅಚ್ಚಾಗೋದು ನಿಂತು ಎಷ್ಟೋ ವರ್ಷ ಆಗಿದ್ದರೂ ಲೆಕ್ಕ ಮಾತ್ರ ಉಳಿದಿತ್ತು. ಡಾಕ್ಟರಿಗೆ, ವಕೀಲರಿಗೆ, ಕಲಾವಿದರಿಗೆ ಕೊಡೋದು ಗಿನಿಯಲ್ಲಿ. ಅಂಗಡಿಯವನಿಗೆ, ಕೂಲಿಯವನಿಗೆ ಕೊಡೋದು ಪೌಂಡಿನಲ್ಲಿ. ಆ ಒಂದು ಶಿಲಿಂಗ್ ಇದೆಯಲ್ಲ, ಅದು ದುಡ್ಡಲ್ಲ, ಮರ್ಯಾದೆ. ನಮಗೆ ಇದು ಅರ್ಥ ಆಗದೇ ಇರೋದೇನಲ್ಲ. ಪುರೋಹಿತರಿಗೆ ದಕ್ಷಿಣೆ 101, ಮದುವೆಗೆ ಮುಯ್ಯಿ 501. ಆ ಕೊನೆಯ ಒಂದು ರೂಪಾಯಿ ಬಿಟ್ಟು ಕೊಟ್ಟು ನೋಡಿ, ಕವರ್ ತೆಗೆದವರ ಮುಖ ಹೇಗಾಗುತ್ತೆ ಅಂತ!

ಲೇಲ್ಯಾಂಡ್ ಏನು ಮಾಡಿದ ಗೊತ್ತಾ? ಹೇಳದ ಕೆಲಸಕ್ಕೆ ಇಷ್ಟು ಕೊಡಲಾರೆ ಅಂತ ಅರ್ಧಕ್ಕೆ ಇಳಿಸಿದ. ಅದೂ ಗಿನಿಯಲ್ಲಿ ಅಲ್ಲ. ಒಟ್ಟು 1000 ಪೌಂಡ್ ಅಂದ. ಅರ್ಧ ದುಡ್ಡು ಹೋದದ್ದಕ್ಕಿಂತ, ಗಿನಿ ಹೋಗಿ ಪೌಂಡ್ ಬಂದದ್ದು ವಿಸ್ಲರ್‌ಗೆ ಹೆಚ್ಚು ಚುಚ್ಚಿತು. ನೀನು ಕಲಾವಿದ ಅಲ್ಲ, ಬಣ್ಣ ಹೊಡೆಯೋ ಕೂಲಿಯವನು ಅಂದಹಾಗಾಯಿತು.

ಸರಿ, ಜಗಳ ಆಯಿತು, ಮನೆ ಬಿಟ್ಟು ಹೋದ ಅಂದುಕೊಂಡ್ರಾ? ಇಲ್ಲ. ಕೆಲಸ ಇನ್ನೂ ಮುಗಿದಿಲ್ಲ ಅಂತ ಆತ ಕೋಣೆಗೆ ವಾಪಸ್ ಬಂದ. ಕುಂಚ ತೆಗೆದ. ಬೆಲೆಬಾಳುವ ಆ ತೊಗಲಿನ ಮೇಲೆ, ಗೋಡೆಯಿಂದ ಗೋಡೆಗೆ, ಕಡು ನೀಲಿ ಬಳಿದುಬಿಟ್ಟ!

ಬಳಿದದ್ದು ಪ್ರಷ್ಯನ್ ನೀಲಿ. ಈ ಬಣ್ಣಕ್ಕೂ ಒಂದು ಸಣ್ಣ ಕಥೆ ಇದೆ. ಹಿಂದೆ ಗಾಢ ನೀಲಿ ಅಂದರೆ ರಾಜರ, ದೇವಾಲಯಗಳ ಸ್ವತ್ತು. ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಲ್ಲಿ ಸಿಗುವ ನೀಲಿ ಕಲ್ಲನ್ನ ಅರೆದು ಮಾಡಬೇಕಿತ್ತು. ಯುರೋಪಿಗೆ ತಲುಪೋ ಹೊತ್ತಿಗೆ ಅದರ ಬೆಲೆಯನ್ನ ಚಿನ್ನದ ಜೊತೆ ಹೋಲಿಸ್ತಿದ್ದರು. 1706ರ ಆಸುಪಾಸಿನಲ್ಲಿ ಬರ್ಲಿನ್‌ನಲ್ಲಿ ಡೀಸ್‌ಬಾಖ್ ಅನ್ನೋ ಬಣ್ಣ ತಯಾರಕ ಕೆಂಪು ಬಣ್ಣ ಮಾಡೋಕೆ ಹೊರಟಿದ್ದ. ಬಳಸಿದ ಪೊಟ್ಯಾಷ್‌ನಲ್ಲಿ ಪ್ರಾಣಿಯ ರಕ್ತದಿಂದ ತೆಗೆದ ಎಣ್ಣೆಯ ಅಂಶ ಸೇರಿಕೊಂಡಿತ್ತು. ಕೆಂಪು ಬರಬೇಕಾದಲ್ಲಿ ಕಡು ನೀಲಿ ಬಂತು! ಹೀಗೆ ತಪ್ಪಿನಿಂದ ಹುಟ್ಟಿದ ಬಣ್ಣ ಜಗತ್ತನ್ನೇ ಸುತ್ತಿತು. ಜಪಾನಿನ ಹೊಕುಸಾಯ್ ಬಿಡಿಸಿದ ಆ ಹೆಸರಾಂತ ದೊಡ್ಡ ಅಲೆ ಇದೆಯಲ್ಲ, ಅದರಲ್ಲಿರೋದೂ ಇದೇ ನೀಲಿ. ಎಂಜಿನಿಯರುಗಳ ಹಳೇ ಬ್ಲೂಪ್ರಿಂಟ್ ಹಾಳೆಯ ನೀಲಿಯೂ ಇದೇ. ಲಂಡನ್ನಿನ ಒಂದು ಊಟದ ಕೋಣೆಯ ನಾಲ್ಕೂ ಗೋಡೆಗೆ ಸಿಟ್ಟಿನಲ್ಲಿ ಸುರಿಯೋಷ್ಟು ಕೈಗೆಟುಕುವ ಬಣ್ಣ ಆಗಿತ್ತು ಅದು.

ಆಮೇಲೆ ರಾಜಕುಮಾರಿಯ ಚಿತ್ರಕ್ಕೆ ಎದುರಿನ ಗೋಡೆ. ಅಲ್ಲಿ ಇನ್ನೊಂದು ಚಿತ್ರಕ್ಕೆ ಅಂತ ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ವಿಸ್ಲರ್ ಜಗಳ ಆಡುತ್ತಿರುವ ಎರಡು ಚಿನ್ನದ ನವಿಲುಗಳನ್ನ ಬಿಡಿಸಿದ. ಒಂದು ನವಿಲು ರೆಕ್ಕೆ ಕೆದರಿಕೊಂಡು ಅಬ್ಬರಿಸ್ತಿದೆ. ಅದರ ಕತ್ತಿನ ಗರಿಗಳು ಬೆಳ್ಳಿಯವು. ಲೇಲ್ಯಾಂಡ್ ನೆರಿಗೆಯ ಅಂಗಿ ತೊಡುತ್ತಿದ್ದ, ಅದರ ಗುರುತು. ಇನ್ನೊಂದು ನವಿಲು ಹಿಂದೆ ಸರಿದು ನಿಂತಿದೆ. ಅದರ ತಲೆ ಮೇಲೆ ಒಂದೇ ಒಂದು ಬೆಳ್ಳಿ ಗರಿ. ವಿಸ್ಲರ್‌ನ ಬಿಳಿ ಕುಚ್ಚು! ಅಬ್ಬರಿಸೋ ನವಿಲಿನ ಕಾಲ ಬಳಿ ಚೆಲ್ಲಿರೋದು ನಾಣ್ಯಗಳು. ಕೊಡದೇ ಉಳಿಸಿಕೊಂಡ ಶಿಲಿಂಗ್‌ಗಳು. ಆ ಚಿತ್ರಕ್ಕೆ ವಿಸ್ಲರ್ ಇಟ್ಟ ಹೆಸರಿನ ಅರ್ಥ, ಕಲೆ ಮತ್ತು ದುಡ್ಡು, ಅಥವಾ ಈ ಕೋಣೆಯ ಕಥೆ. ಇಡೀ ಕೋಣೆಗೆ ಇಟ್ಟ ಹೆಸರು ಮಾತ್ರ ನೀಲಿ ಮತ್ತು ಚಿನ್ನದ ಸಾಮರಸ್ಯ ಅಂತ. ಸಾಮರಸ್ಯವಂತೆ! 1877ರ ಮಾರ್ಚ್ ಹೊತ್ತಿಗೆ ಕೆಲಸ ಮುಗಿಯಿತು. ಸ್ನೇಹವೂ ಮುಗಿಯಿತು.

ಮುಂದೆ ಯಾರು ಗೆದ್ದರು? ಅದನ್ನೂ ನೋಡೋಣ.

ವಿಸ್ಲರ್ 1877ರಲ್ಲಿ ರಸ್ಕಿನ್ ಅನ್ನೋ ದೊಡ್ಡ ವಿಮರ್ಶಕನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ. ಗೆದ್ದ. ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್. ಆ ಕಾಲದ ಅತಿ ಸಣ್ಣ ಕಾಸುಗಳಲ್ಲಿ ಒಂದು. ಕೋರ್ಟು ಖರ್ಚು ತಲೆ ಮೇಲೆ ಬಿತ್ತು. 1879ರಲ್ಲಿ ದಿವಾಳಿ. ಸಾಲಗಾರರ ಪಟ್ಟಿಯಲ್ಲಿ ಸಾಲ ಕೊಟ್ಟವನಾಗಿ ಕೂತಿದ್ದವರಲ್ಲಿ ಒಬ್ಬ ಯಾರು ಗೊತ್ತಾ? ಅದೇ ಲೇಲ್ಯಾಂಡ್. ಮನೆ ಕೈಬಿಟ್ಟು ಹೋಗುವಾಗಲೂ ವಿಸ್ಲರ್ ಸುಮ್ಮನಿರಲಿಲ್ಲ. ಲೇಲ್ಯಾಂಡ್‌ನನ್ನ ನವಿಲಿನ ಮೈಯ ವಿಕಾರ ಪ್ರಾಣಿಯಾಗಿ, ತನ್ನದೇ ಮನೆಯ ಮೇಲೆ ಕೂತು ಪಿಯಾನೋ ನುಡಿಸುವಂತೆ ಬಿಡಿಸಿದ ಚಿತ್ರವನ್ನ ಸಾಲಗಾರರ ಕಣ್ಣಿಗೆ ಬೀಳಲಿ ಅಂತ ಇಟ್ಟು ಹೋದ. 'ನಾಕ್ಟರ್ನ್' ಅನ್ನೋ ಹೆಸರು ಕೊಟ್ಟ ಅದೇ ಪಿಯಾನೋ.

ಲೇಲ್ಯಾಂಡ್? ಇದು ನನಗೆ ಇಡೀ ಕಥೆಯಲ್ಲಿ ಅತಿ ಆಶ್ಚರ್ಯದ ಭಾಗ. ಆತನ ಹತ್ತಿರ ದುಡ್ಡಿತ್ತು, ಆಳುಗಳಿದ್ದರು. ಒಂದೇ ವಾರದಲ್ಲಿ ಆ ನವಿಲುಗಳನ್ನ ಕೆರೆಸಿ ಹಾಕಬಹುದಿತ್ತು. ಹಾಕಿಸಲಿಲ್ಲ. ತನ್ನನ್ನೇ ಜಿಪುಣ ಅಂತ ಹಂಗಿಸೋ ಚಿತ್ರದ ಮುಂದೆ, ಆ ನೀಲಿ ಗೋಡೆಗಳ ಮಧ್ಯೆ, 1892ರಲ್ಲಿ ಸಾಯೋವರೆಗೂ ಆ ಕೋಣೆಯನ್ನ ಹಾಗೇ ಉಳಿಸಿಕೊಂಡ. ಕೊಟ್ಟದ್ದು ಕಡಿಮೆ. ಆದರೆ ಕೆಲಸ ಏನು ಅನ್ನೋದು ಆತನಿಗೆ ಗೊತ್ತಿತ್ತು. ಗೊತ್ತಿದ್ದೂ ಕಡಿಮೆ ಕೊಟ್ಟ. ಯೋಚನೆ ಮಾಡಿದರೆ ಅದು ಇನ್ನೂ ದೊಡ್ಡ ತಪ್ಪು.

ವಿಸ್ಲರ್ ಸಾಚಾನಾ? ಅವನೂ ಅಲ್ಲ. ಇನ್ನೊಬ್ಬನ ಮನೆ, ಇನ್ನೊಬ್ಬನ ಗೋಡೆ. ಒಂದು ಮಾತು ಕೇಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕೋಣೆಯಲ್ಲಿ ಮೂರನೆಯವನೊಬ್ಬ ಇದ್ದ ಅನ್ನೋದನ್ನ ಈ ಇಬ್ಬರ ಜಗಳದಲ್ಲಿ ಎಲ್ಲರೂ ಮರೆತರು. ಥಾಮಸ್ ಜೆಕಿಲ್. ಗೂಡು ಕಟ್ಟಿದವನು, ದೀಪ ಇಳಿಬಿಟ್ಟವನು, ತೊಗಲು ಹೊದಿಸಿದವನು. ಅವನ ಮರಕ್ಕೆ ಚಿನ್ನದ ಲೇಪ ಬಿತ್ತು, ಅವನ ತೊಗಲಿನ ಮೇಲೆ ನೀಲಿ ಬಿತ್ತು. 1881ರಲ್ಲಿ ನಾರ್ವಿಚ್ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಆತ ಸತ್ತ. ನವಿಲುಗಳ ಜಗಳದ ಚಿತ್ರದಲ್ಲಿ ಅವನಿಗೆ ಒಂದು ಗರಿಯಷ್ಟೂ ಜಾಗ ಇಲ್ಲ.

ಕೋಣೆ ಮಾತ್ರ ಬದುಕಿತು. 1904ರಲ್ಲಿ ಚಾರ್ಲ್ಸ್ ಫ್ರೀಯರ್ ಅನ್ನೋ ಅಮೆರಿಕದ ಉದ್ಯಮಿ, ರೈಲು ಬೋಗಿ ತಯಾರಿಸಿ ಶ್ರೀಮಂತನಾದವನು, ಇಡೀ ಕೋಣೆಯನ್ನೇ ಕೊಂಡ! ಗೋಡೆ, ಛಾವಣಿ, ಗೂಡು ಎಲ್ಲ ಬಿಚ್ಚಿ ಹಡಗು ಹತ್ತಿಸಿ ಡೆಟ್ರಾಯಿಟ್‌ನ ತನ್ನ ಮನೆಗೆ ತರಿಸಿ ಮತ್ತೆ ಜೋಡಿಸಿದ. ಆತ 1919ರಲ್ಲಿ ತೀರಿಕೊಂಡ ಮೇಲೆ ಕೋಣೆ ಮತ್ತೆ ಪ್ರಯಾಣ ಹೊರಟಿತು. 1923ರಲ್ಲಿ ವಾಷಿಂಗ್ಟನ್‌ನಲ್ಲಿ ಫ್ರೀಯರ್ ಹೆಸರಿನ ಗ್ಯಾಲರಿ ತೆರೆದಾಗಿನಿಂದ ಅಲ್ಲೇ ಇದೆ. ಇವತ್ತಿಗೂ ಪೀಕಾಕ್ ರೂಮ್ ಅಂತ ಜನ ಹೋಗಿ ನೋಡ್ತಾರೆ. ಜಗಳ ಆಡಿದ ಇಬ್ಬರೂ ಮಣ್ಣಾದರು. ನಾಣ್ಯಗಳು ಇನ್ನೂ ನವಿಲಿನ ಕಾಲ ಬಳಿಯೇ ಬಿದ್ದಿವೆ.

ಈಗ ನಮ್ಮ ಮನೆಗೆ ವಾಪಸ್ ಬರೋಣ.

ಆ ರಾತ್ರಿ ಮಗಳ ಕೋಣೆಯ ಟೇಬಲ್ ಲ್ಯಾಂಪ್ ಒಂದೇ ಉರೀತಿತ್ತು. ಕಡು ನೀಲಿ ಬೆಳಕನ್ನ ನುಂಗುತ್ತೆ. ಹಾಗಾಗಿ ಗೋಡೆಗಳ ಮೂಲೆ ಕರಗಿಹೋಗುತ್ತೆ, ಕೋಣೆ ಎಲ್ಲಿ ಮುಗೀತು ಅಂತ ಕಣ್ಣಿಗೆ ಗೊತ್ತಾಗಲ್ಲ. ಮುಂದೆ ಇಟ್ಟ ವಸ್ತು ಮಾತ್ರ ಎದ್ದು ಕಾಣುತ್ತೆ. ನಮ್ಮ ಸ್ಟುಡಿಯೋದಲ್ಲಿ ನನ್ನ ಬೆನ್ನ ಹಿಂದೆ ನೀಲಿ ಇರೋದೂ ಇದಕ್ಕೇ. ನಮ್ಮ ಮೈಬಣ್ಣ ನೀಲಿಯ ಮುಂದೆ ಎದ್ದು ಬರುತ್ತೆ. ವರ್ಷಗಟ್ಟಲೆ ಒಂದು ನೀಲಿ ಗೋಡೆಯ ಮುಂದೆ ಕೂತು ಊರಿಗೆಲ್ಲ ನ್ಯಾಯ ಹೇಳಿದ್ದೀನಿ. ಗುತ್ತಿಗೆ ಕಾರ್ಮಿಕರ ಬಾಕಿ ಕೂಲಿ ಅಂತ ಮೇಜು ಕುಟ್ಟಿ ಕೂಗಿದ್ದೀನಿ. ಆ ಗೋಡೆಗೆ ಬಣ್ಣ ಹೊಡೆದವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಅಂತ ಒಂದು ದಿನವೂ ಹಿಂದೆ ತಿರುಗಿ ಕೇಳಿಲ್ಲ.

ಎದ್ದು ಗೋಡೆ ಹತ್ತಿರ ಹೋದೆ. ಮೊಬೈಲ್ ಟಾರ್ಚನ್ನ ಗೋಡೆಗೆ ಅಡ್ಡ ಹಿಡಿದು, ತಪ್ಪು ಹುಡುಕೋಕೇ ಅಂತ ಉದ್ದಕ್ಕೂ ನೋಡಿದೆ. ಒಂದು ಗೆರೆ ಇಲ್ಲ. ಒಂದು ಉಬ್ಬು ಇಲ್ಲ. ಸ್ವಿಚ್ ಬೋರ್ಡಿನ ಸುತ್ತ ಕೂದಲೆಳೆಯಷ್ಟು ನೀಲಿ ಆಚೆ ಬಂದಿಲ್ಲ. ಬಾಗಿಲ ಹಿಂದಿನ ಗೋಡೆ, ಯಾರೂ ನೋಡದ ಜಾಗ, ಅಲ್ಲೂ ಮೂರು ಕೋಟ್.

ಮೇಸ್ತ್ರಿ ನನ್ನನ್ನ ಕೇಳಿದ್ದರೆ ಚೆನ್ನಾಗಿತ್ತು, ನಿಜ. ಒಂದು ಫೋನ್ ಮಾಡಬಹುದಿತ್ತು. ಆದರೆ ದೆಹಲಿಯ ಗಡಿಬಿಡಿಯಲ್ಲಿ ನಾನು ಫೋನ್ ಎತ್ತುತ್ತಿದ್ದೆನಾ? ಮಗಳು ಆಮೇಲೆ ಹೇಳಿದಳು: "ಅಪ್ಪ, ಅವರು ಎರಡು ಸಲ ಕಾಲ್ ಮಾಡಿದ್ರು. ನೀವು ಕಟ್ ಮಾಡಿದ್ರಿ ಅಂತೆ."

ಬೆಳಿಗ್ಗೆ ಎದ್ದ ಕೂಡಲೇ ದುಡ್ಡು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಈ ಸಲ ಎತ್ತಿದೆ.

"ಸಾರ್, ಲೆಕ್ಕ ಏನೋ ತಪ್ಪಾಗಿದೆ. 3,201 ಬಂದಿದೆ. ಒಂದು ರೂಪಾಯಿ ಜಾಸ್ತಿ."

"ತಪ್ಪಾಗಿಲ್ಲ ಮೇಸ್ತ್ರಿ. ಇರಲಿ, ಇಟ್ಕೊಳ್ಳಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಅಮ್ಮಾವ್ರು ಏನಂದ್ರು ಸಾರ್? ಕಪ್ಪು ಅಂತಿದ್ರಲ್ಲ."

ಬಾಗಿಲಲ್ಲಿ ಇಣುಕಿ ನೋಡಿದೆ. ನನ್ನ ತಾಯಿ ಮೊಮ್ಮಗಳ ಮಂಚದ ಮೇಲೆ ಕೂತು, ನೀಲಿ ಗೋಡೆಗೆ ಬೆನ್ನು ಕೊಟ್ಟು ಹೂ ಕಟ್ಟುತ್ತಿದ್ದರು. ಮಡಿಲಲ್ಲಿದ್ದ ಮಲ್ಲಿಗೆ ಅಷ್ಟು ಬೆಳ್ಳಗೆ ಇರೋದನ್ನ ನಾನು ಅದುವರೆಗೂ ನೋಡಿರಲಿಲ್ಲ.